ಏಳೂಮುಕ್ಕಾಲಿಗೆ ಬಾಗಿಲು ತೆಗೆಯಬೇಕು: ಲಗ್ಗೆರೆಯಲ್ಲಿ ಮಕ್ಕಳ ಮನೆ ಶುರು ಮಾಡಿದ ಅನುಭವ

ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಒಂದು ಮನೆಯನ್ನು ನಾನು ಬೆಂಗಳೂರಿನ ಲಗ್ಗೆರೆಯಲ್ಲಿ ನಡೆಸುತ್ತಿದ್ದೇನೆ. ಈಚೆಗೆ ಬೇರೆ ಬೇರೆ ಏರಿಯಾದ ಹೆಂಗಸರು ಫೋನ್ ಮಾಡಿ ಕೇಳುತ್ತಾರೆ. “ಅಕ್ಕಾ, ನಾವೂ ಬೇಬಿ ಸಿಟ್ಟಿಂಗ್ ಮಾಡೋಣ ಅಂತಿದೀವಿ. ಲೈಸೆನ್ಸ್ ಬೇಕಾ? ಲೋನ್ ಸಿಗುತ್ತಾ? ಕೈಗೇನಾದ್ರೂ ಉಳಿಯುತ್ತಾ?” ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ ಇದು. ಅದಕ್ಕೇ ನಾನು ಮಾಡಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ನಾನೂ ಗಾರ್ಮೆಂಟ್ಸ್ ಲೈನಿನಲ್ಲಿ, ಅಂದರೆ ಸಾಲಾಗಿ ಹಾಕಿದ ಮಿಷನ್‌ಗಳ ಮುಂದೆ, ಕೂತು ಹೊಲಿದವಳೇ. ಊರು ಕುಣಿಗಲ್ ಕಡೆ. ಮದುವೆಯಾಗಿ ಬಂದ ಮೇಲೆ ಪೀಣ್ಯದ ಒಂದು ಫ್ಯಾಕ್ಟರಿಗೆ ಹೆಲ್ಪರ್ ಆಗಿ ಸೇರಿ, ಆಮೇಲೆ ಟೈಲರ್ ಆದೆ. ಶರ್ಟಿಗೆ ಕಾಲರ್ ಕೂರಿಸುವುದು ನನ್ನ ಕೆಲಸ. ಗಂಟೆಗೆ ಇಷ್ಟು ಪೀಸ್ ಅಂತ ಲೆಕ್ಕ. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟೆ. ಬಿಡುವ ಮನಸ್ಸಿರಲಿಲ್ಲ, ಮಗುವನ್ನು ಬಿಡಲು ಜಾಗವಿರಲಿಲ್ಲ ಅಷ್ಟೇ. ನನ್ನ ಜೊತೆ ಅದೇ ಲೈನಿನಲ್ಲಿದ್ದ ಎಷ್ಟೋ ಜನ ಹಾಗೇ ಬಿಟ್ಟರು.

ಪೀಣ್ಯ, ರಾಜಗೋಪಾಲನಗರ, ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ. ಈ ಕಡೆ ಬೆಳಗ್ಗೆ ಎಂಟು ಗಂಟೆಗೆ ರಸ್ತೆಗೆ ಬಂದು ನೋಡಿ. ಕೊರಳಲ್ಲಿ ಐಡಿ ಕಾರ್ಡ್, ಕೈಯಲ್ಲಿ ಊಟದ ಬ್ಯಾಗ್, ಓಡು ನಡಿಗೆಯಲ್ಲಿ ಹೆಂಗಸರು. ಎಂಟೂಕಾಲಿಗೆ ಟೆಂಪೊ, ಒಂಬತ್ತಕ್ಕೆ ಗೇಟು. ಗೇಟು ತಪ್ಪಿದರೆ ಅರ್ಧ ದಿನದ ಸಂಬಳ ಹೋಯಿತು ಅಂತಲೇ ಲೆಕ್ಕ.

“ಫ್ಯಾಕ್ಟರೀಲೇ ಕ್ರೆಶ್ ಇರುತ್ತಲ್ವಾ?” ಅಂತ ಓದಿದವರು ಕೇಳುತ್ತಾರೆ. ಕಾನೂನು ಇದೆ, ನಿಜ. 1948ರ ಕಾರ್ಖಾನೆ ಕಾಯ್ದೆ ಪ್ರಕಾರ 2025ರವರೆಗೆ 30ಕ್ಕಿಂತ ಜಾಸ್ತಿ ಹೆಂಗಸರಿರುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕ್ರೆಶ್, ಅಂದರೆ ಹಗಲು ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಕೋಣೆ, ಇರಲೇಬೇಕಿತ್ತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂತು. ಸಂಬಳದ ರಜೆ 26 ವಾರ ಆಯಿತು. 50 ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ಕಡೆ ಕ್ರೆಶ್ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂತ ಅದರಲ್ಲಿತ್ತು, 2025ರಲ್ಲಿ ಅದರ ಜಾಗಕ್ಕೆ ಬಂದ ಹೊಸ ಕಾನೂನಿನಲ್ಲೂ ಇದೆ. ಇದೆಲ್ಲ ಒಳ್ಳೆಯದೇ. ಆದರೆ ಎಂಟು ತಿಂಗಳ ಕೂಸನ್ನು ಎತ್ತಿಕೊಂಡು, ನಿಲ್ಲಲೂ ಜಾಗವಿಲ್ಲದ ಟೆಂಪೊದಲ್ಲಿ ಹೋಗಿ ಬರುವುದು ಯಾರಿಗೆ ಸಾಧ್ಯ? ಇನ್ನು ಮನೆಯ ಕೆಳಗೆ ಹತ್ತಿಪ್ಪತ್ತು ಮಿಷನ್ ಹಾಕಿಕೊಂಡು ಜಾಬ್ ವರ್ಕ್ ಮಾಡಿಸುವ ಸಣ್ಣ ಘಟಕಗಳು ಈ ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಬೀದಿಗಳಲ್ಲಿ ಅಂಥವು ಬೇಕಾದಷ್ಟಿವೆ.

ಅಂಗನವಾಡಿ ಇದೆ. ಅಲ್ಲಿನ ಟೀಚರಮ್ಮಂದಿರ ಮೇಲೆ ನನಗೆ ತುಂಬಾ ಗೌರವ. ಆದರೆ ಅಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ, ಬಾಗಿಲು ಹಾಕುವುದು ನಾಲ್ಕು ಗಂಟೆಗೆ. ತಾಯಿ ಮನೆ ಸೇರುವುದು ಆರೂವರೆಗೆ. ಆ ಎರಡೂವರೆ ಗಂಟೆ ಮಗು ಎಲ್ಲಿರಬೇಕು?

ಹೀಗಾಗಿ ನಮ್ಮ ಕಡೆ ಹೆಚ್ಚಿನವರು ಮಾಡುವುದು ಒಂದೇ. ಹಾಲು ಬಿಡಿಸಿ ಮಗುವನ್ನು ಊರಿಗೆ, ಅಜ್ಜಿ ಹತ್ತಿರ ಕಳಿಸಿಬಿಡುತ್ತಾರೆ. ಹಬ್ಬಕ್ಕೆ ಹೋದಾಗ ನೋಡಿಕೊಂಡು ಬರುತ್ತಾರೆ. ನಮ್ಮ ವಠಾರದಲ್ಲೇ ಯಾದಗಿರಿ ಕಡೆಯ ಒಬ್ಬಳು ಹುಡುಗಿ ಇದ್ದಳು. ಜಾತ್ರೆಗೆ ಊರಿಗೆ ಹೋಗಿ ಬಂದವಳು ಬಚ್ಚಲು ಮನೆ ಬಾಗಿಲು ಹಾಕಿಕೊಂಡು ಅತ್ತಿದ್ದಳು. “ಅಕ್ಕಾ, ಹುಡುಗ ನನ್ನ ಗುರ್ತಾ ಹಿಡಿವಲ್ಲ. ಕರದ್ರ ಅಳ್ತಾನ” ಅಂದಳು. ನಾನು ಈ ಕೆಲಸಕ್ಕೆ ಇಳಿದದ್ದು ಆ ಮಾತು ಕೇಳಿದ ಮೇಲೆ.

ಮೊದಲು ಮಾಡಿದ ಕೆಲಸ ವಿಚಾರಣೆ. ಟೆಂಪೊ ನಿಲ್ಲುವ ಕಡೆ, ಭಾನುವಾರ ತರಕಾರಿ ಗಾಡಿ ಹತ್ತಿರ, ರೇಷನ್ ಅಂಗಡಿ ಸಾಲಿನಲ್ಲಿ ಸಿಕ್ಕ ತಾಯಂದಿರನ್ನೆಲ್ಲ ಮಾತಾಡಿಸಿದೆ. “ನಾನು ಬೇಬಿ ಸಿಟ್ಟಿಂಗ್ ಮಾಡಿದ್ರೆ ಕಳಿಸ್ತೀರಾ?” ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ. ಆ ಹೂಂ ನಂಬಿಕೊಂಡು ಮನೆ ಬಾಡಿಗೆಗೆ ಹಿಡಿಯಬಾರದು. ನಾನು ಕೇಳಿದ್ದು ಬೇರೆ. ಈಗ ಮಗು ಎಲ್ಲಿದೆ? ಯಾರು ನೋಡಿಕೊಳ್ಳುತ್ತಾರೆ? ಅವರಿಗೆ ತಿಂಗಳಿಗೆ ಏನು ಕೊಡುತ್ತೀರಿ? ಸಂಬಳ ಯಾವ ತಾರೀಕಿಗೆ ಬರುತ್ತದೆ? ಮನೆ ಬಿಡುವುದು ಎಷ್ಟು ಹೊತ್ತಿಗೆ? ಓಟಿ, ಅಂದರೆ ಓವರ್‌ಟೈಮ್ ಕೆಲಸ, ಇದ್ದ ದಿನ ಏನು ಮಾಡುತ್ತೀರಿ? ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನನ್ನ ಇಡೀ ವ್ಯವಹಾರ ನಿಂತಿರುವುದು ಆ ನೋಟ್‌ಬುಕ್ ಮೇಲೆ.

ಅದರಲ್ಲಿ ಎರಡು ವಿಷಯ ಎದ್ದು ಕಂಡವು. ಒಂದು, ಏಳೂಮುಕ್ಕಾಲಿಗೆ ಬಾಗಿಲು ತೆಗೆಯಲೇಬೇಕು. ದೊಡ್ಡ ರಸ್ತೆಯ ಪ್ಲೇ ಹೋಮ್‌ಗಳು ತೆಗೆಯುವುದೇ ಒಂಬತ್ತೂವರೆಗೆ. ಅಷ್ಟೊತ್ತಿಗೆ ನಮ್ಮವರು ಅರ್ಧ ಬಂಡಲ್ ಹೊಲಿದಿರುತ್ತಾರೆ. ಎರಡು, ಫೀಸು ಕೇಳುವುದು ಸಂಬಳದ ಮರುದಿನ ಆಗಬೇಕು. ಒಂದನೇ ತಾರೀಕು ಕೇಳಿದರೆ ಅವರ ಹತ್ತಿರ ಇರುವುದಿಲ್ಲ, ಹದಿನೈದಕ್ಕೆ ಕೇಳಿದರೆ ಖರ್ಚಾಗಿ ಹೋಗಿರುತ್ತದೆ. ಒಬ್ಬೊಬ್ಬರ ಫ್ಯಾಕ್ಟರಿ ಸಂಬಳದ ತಾರೀಕನ್ನೂ ಬರೆದಿಟ್ಟು ಅದರ ಪ್ರಕಾರವೇ ಇವತ್ತಿಗೂ ಕೇಳುತ್ತೇನೆ.

ಮನೆ ಹುಡುಕುವುದೇ ಎಲ್ಲಕ್ಕಿಂತ ಕಷ್ಟದ್ದು. ನೆಲಮಹಡಿಯೇ ಬೇಕು, ಮೆಟ್ಟಿಲಿದ್ದರೆ ಆಗುವುದಿಲ್ಲ. ಗಾಳಿ ಬೆಳಕು ಬೇಕು. ಸಂಪಿನ, ಅಂದರೆ ನೆಲದೊಳಗಿನ ನೀರಿನ ತೊಟ್ಟಿಯ, ಮುಚ್ಚಳ ಭದ್ರವಾಗಿರಬೇಕು. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಈ ಸಂಪು ಬಾಗಿಲ ಮುಂದೆಯೇ ಇರುತ್ತದೆ, ಮುಚ್ಚಳ ಎಷ್ಟೋ ಸಲ ಒಂದು ಹಳೇ ತಗಡು. ಮಕ್ಕಳಿರುವ ಕಡೆ ನಾನು ಈಗಲೂ ಮೊದಲು ನೋಡುವುದು ಅದನ್ನೇ.

ಮಕ್ಕಳು ಅಂದ ತಕ್ಷಣ ಓನರ್‌ಗಳು ಹಿಂದೆ ಸರಿಯುತ್ತಿದ್ದರು. ಗಲಾಟೆ, ಗೋಡೆ ಗೀಚುತ್ತಾರೆ, ನೀರು ಜಾಸ್ತಿ ಖರ್ಚು. ಕೊನೆಗೆ ಒಪ್ಪಿದ ಓನರ್ ಅಮ್ಮನಿಗೂ ಒಂದು ಭಯವಿತ್ತು. “ಬಿಸಿನೆಸ್ ಅಂದ್ರೆ ಕಮರ್ಷಿಯಲ್ ಮೀಟರ್ ಆಗುತ್ತೆ. ಗೃಹಜ್ಯೋತಿ ಹೋಗುತ್ತಲ್ಲಮ್ಮಾ?” ಅವರ ಚಿಂತೆ ಸರಿಯಾದದ್ದೇ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗಿನ ಉಚಿತ ಕರೆಂಟ್ ಮನೆ ಬಳಕೆಗೆ ಮಾತ್ರ. ಕೆಳಗಿನ ಮನೆಗೆ ಬೇರೆ ಮೀಟರ್ ಇತ್ತು. ಅದರ ಬಿಲ್ಲು, ಅದರ ಬದಲಾವಣೆಯ ಖರ್ಚು ಎಲ್ಲಾ ನನ್ನದು, ಮೇಲಿನ ನಿಮ್ಮ ಮೀಟರಿಗೆ ಏನೂ ತೊಂದರೆ ಬರಲ್ಲ ಅಂತ ಅಗ್ರಿಮೆಂಟಿನಲ್ಲೇ ಬರೆಸಿದೆ. ಮಕ್ಕಳು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಇರುತ್ತಾರೆ, ಭಾನುವಾರ ಇರುವುದಿಲ್ಲ ಅನ್ನುವುದನ್ನೂ ಬರೆಸಿದೆ. ಬಾಯಿಮಾತಿನಲ್ಲಿ ಮುಗಿಸುವ ವಿಷಯವಲ್ಲ ಇದು. 11 ತಿಂಗಳ ಆ ಅಗ್ರಿಮೆಂಟೇ ಮುಂದೆ ಬ್ಯಾಂಕಿಗೂ ಬೇಕಾಯಿತು, ಪಾಲಿಕೆಗೂ ಬೇಕಾಯಿತು.

ಹಾಲ್ 12 ಅಡಿಗೆ 14, ರೂಮ್ 10ಕ್ಕೆ 10. ಕೇಂದ್ರ ಸರ್ಕಾರ ಕ್ರೆಶ್‌ಗಳಿಗೆ ಅಂತ 2018ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಒಂದು ಮಗುವಿಗೆ 10ರಿಂದ 12 ಚದರ ಅಡಿ ಜಾಗ ಬೇಕು ಅಂತಿದೆ. ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು ನೋಡಿಕೊಳ್ಳುವವರು ಅಂತಲೂ ಇದೆ. ಜಾಗದ ಲೆಕ್ಕಕ್ಕೆ ಅದನ್ನೇ ಇಟ್ಟುಕೊಂಡೆ. ಆದರೆ ಹತ್ತು ಕೂಸುಗಳಿಗೆ ಒಬ್ಬರು ಅನ್ನುವುದು ನನ್ನ ಪ್ರಕಾರ ಆಗದ ಮಾತು. ಒಂದು ಅತ್ತರೆ ನಾಲ್ಕು ಅಳುತ್ತವೆ. ನಮ್ಮಲ್ಲಿ ನಾಲ್ಕು ಕೂಸಿಗೆ ಒಬ್ಬರಿದ್ದೇವೆ.

ಕಾಗದಪತ್ರದ ಕೆಲಸ ಜನ ಹೆದರುವಷ್ಟು ಇಲ್ಲ. ಸಣ್ಣ ಉದ್ಯಮಗಳಿಗೆ ಅಂತ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, 2020ರ ಜುಲೈಯಿಂದ ಆನ್‌ಲೈನಿನಲ್ಲಿ ನಡೆಯುತ್ತಿದೆ. ಆಧಾರ್, ಪಾನ್ ಇದ್ದರೆ ಸಾಕು. ಆಧಾರ್‌ಗೆ ಮೊಬೈಲ್ ನಂಬರ್ ಲಿಂಕ್ ಆಗಿರಬೇಕು, ಓಟಿಪಿ ಅದಕ್ಕೇ ಬರುವುದು. ಸರ್ಕಾರದ ವೆಬ್‌ಸೈಟಿನ ಹಾಗೇ ಕಾಣುವ ಬೇರೆ ವೆಬ್‌ಸೈಟುಗಳು ಸಾವಿರ, ಎರಡು ಸಾವಿರ ಕೇಳುತ್ತವೆ. ವಿಳಾಸದ ಕೊನೆಗೆ ಗವ್ ಡಾಟ್ ಇನ್ ಇದೆಯಾ ಅಂತ ನೋಡಿಕೊಳ್ಳಿ. ತಯಾರಿಕೆಯೋ ಸೇವೆಯೋ ಅಂತ ಕೇಳುವ ಕಡೆ ಸೇವೆ ಅಂತ ಹಾಕಬೇಕು.

ನಾವು ಮಕ್ಕಳಿಗೆ ರಾಗಿ ಗಂಜಿ, ಹಾಲು ಕೊಡುವುದರಿಂದ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿಯನ್ನೂ ಮಾಡಿಸಿದೆ. ನಾನು ಮಾಡಿಸಿದಾಗ ಸಣ್ಣ ವಹಿವಾಟಿನವರಿಗೆ ವರ್ಷಕ್ಕೆ 100 ರೂಪಾಯಿ ಫೀಸು. 14 ಅಂಕಿಯ ಒಂದು ನಂಬರ್ ಕೊಡುತ್ತಾರೆ, ಅದನ್ನು ಅಡುಗೆ ಮನೆ ಬಾಗಿಲಿಗೆ ಅಂಟಿಸಿದ್ದೇನೆ. ವ್ಯಾಪಾರ ಪರವಾನಗಿ ವಿಚಾರ ಪಾಲಿಕೆಯ ಆರೋಗ್ಯ ವಿಭಾಗದಲ್ಲಿ ಕೇಳಬೇಕು. ಬಿಬಿಎಂಪಿ ಹೋಗಿ 2025ರಲ್ಲಿ ಐದು ಪಾಲಿಕೆ ಆಗಿರುವುದರಿಂದ ನಿಮ್ಮ ವಾರ್ಡ್ ಯಾವುದಕ್ಕೆ ಸೇರಿದೆ ಅಂತ ಮೊದಲು ತಿಳಿದುಕೊಂಡು ಹೋಗಿ, ಸುಮ್ನೆ ಅಲೆಯುವುದು ತಪ್ಪುತ್ತದೆ. ಹತ್ತಿರದ ಪೊಲೀಸ್ ಸ್ಟೇಷನ್ನಿಗೆ ಹೋಗಿ, ಇಂಥ ವಿಳಾಸದಲ್ಲಿ ಇಷ್ಟು ಮಕ್ಕಳಿರುತ್ತಾರೆ, ಕೆಲಸಕ್ಕೆ ಇವರಿವರಿದ್ದಾರೆ ಅಂತ ಒಂದು ಪತ್ರ ಕೊಟ್ಟು ಸೀಲ್ ಹಾಕಿಸಿಕೊಂಡು ಬಂದೆ. ಯಾರೂ ಕೇಳಿರಲಿಲ್ಲ. ಆದರೆ ಆ ಸೀಲ್ ನೋಡಿದ ಮೇಲೆ ತಾಯಂದಿರ ಮುಖದಲ್ಲಿ ಧೈರ್ಯ ಬಂದದ್ದನ್ನು ನಾನೇ ಕಂಡಿದ್ದೇನೆ.

ಈಗ ದುಡ್ಡಿನ ವಿಷಯ. ಮನೆಗೆ ಅಡ್ವಾನ್ಸ್ ಕೊಟ್ಟಿದ್ದು ನಮ್ಮ ಸ್ತ್ರೀಶಕ್ತಿ ಸಂಘದ ಸಾಲದಿಂದ, ಜೊತೆಗೆ ನಾನು ಕೂಡಿಟ್ಟಿದ್ದ ಗೃಹಲಕ್ಷ್ಮಿ ದುಡ್ಡಿನಿಂದ. ತಿಂಗಳಿಗೆ 2,000 ಅಂದರೆ ಕೆಲವರಿಗೆ ಏನೂ ಅಲ್ಲದಿರಬಹುದು. ನನ್ನ ಹೆಸರಿನ ಖಾತೆಗೆ, ನಾನು ಯಾರನ್ನೂ ಕೇಳದೆ ಬಂದ ದುಡ್ಡು ಅದು. ಅದನ್ನು ಮುಟ್ಟದೆ ಇಟ್ಟಿದ್ದರಿಂದಲೇ ಓನರ್ ಅಮ್ಮನ ಮುಂದೆ ಧೈರ್ಯವಾಗಿ ಮಾತಾಡಿದೆ.

ಸಾಮಾನಿಗೆ ಅಂತ, ಸಣ್ಣ ವ್ಯಾಪಾರದವರಿಗೆ ಬ್ಯಾಂಕಿನಲ್ಲಿ ಸಿಗುವ ಮುದ್ರಾ ಸಾಲಕ್ಕೆ ಅರ್ಜಿ ಹಾಕಿದೆ. ಮುದ್ರಾದಲ್ಲಿ ಶಿಶು ಅಂದರೆ 50,000ದವರೆಗೆ, ಕಿಶೋರ್ ಅಂದರೆ 5 ಲಕ್ಷದವರೆಗೆ, ತರುಣ್ ಅಂದರೆ 10 ಲಕ್ಷದವರೆಗೆ. ಅಡಮಾನ ಏನೂ ಕೇಳುವ ಹಾಗಿಲ್ಲ. ನನಗೆ ಬೇಕಿದ್ದದ್ದು ಶಿಶು. ಬ್ಯಾಂಕಿನಲ್ಲಿ ಕೇಳಿದ ಮೊದಲ ಪ್ರಶ್ನೆ, “ಮಿಷನ್ ಏನು ತಗೋತೀರಮ್ಮಾ?” ಎರಡನೆಯದು, “ಸ್ಟಾಕ್ ಏನಿರುತ್ತೆ?” ಮಕ್ಕಳನ್ನು ನೋಡಿಕೊಳ್ಳುವುದು ಅಂದೆ. “ಅದು ಮನೇಲಿ ಮಾಡೋ ಕೆಲಸ ಅಲ್ವಾ, ಅದಕ್ಕೆ ಲೋನ್ ಯಾಕೆ?” ಅಂದರು.

ಆ ಮಾತಿಗೆ ಅಲ್ಲೇ ಉತ್ತರ ಕೊಟ್ಟೆ. ಇಷ್ಟು ಜನ ತಾಯಂದಿರು ದಿನಾ ಕೆಲಸಕ್ಕೆ ಹೋಗುವುದು ಇದರಿಂದ ಸರ್, ಅವರ ಸಂಬಳ ಬರುವುದು ನಿಮ್ಮ ಬ್ಯಾಂಕಿಗೇ ಅಂದೆ. ಆಮೇಲೆ ಹೋದಾಗ ಬರೀ ಮಾತು ಒಯ್ಯಲಿಲ್ಲ. ಉದ್ಯಮ್ ಸರ್ಟಿಫಿಕೇಟ್, ಅಗ್ರಿಮೆಂಟ್, ಆರು ತಿಂಗಳ ಪಾಸ್‌ಬುಕ್, ಸಾಮಾನಿನ ಕೊಟೇಶನ್, ಜೊತೆಗೆ ಆ ನೋಟ್‌ಬುಕ್ಕಿನ ಜೆರಾಕ್ಸ್. ಮಗುವನ್ನು ಕಳಿಸುತ್ತೇವೆ ಅಂತ ಸಹಿ ಹಾಕಿದ ತಾಯಂದಿರ ಪಟ್ಟಿಯೂ ಅದರಲ್ಲಿತ್ತು. ಕೊಟೇಶನ್ನಿನಲ್ಲಿ ಏನೇನಿತ್ತು ಅಂದರೆ ನೀರಿನ ಫಿಲ್ಟರ್, ಗ್ಯಾಸ್ ಒಲೆ, ದಪ್ಪ ಜಮಖಾನ, ಒರೆಸಿದರೆ ಸ್ವಚ್ಛವಾಗುವ ಹಾಸಿಗೆಗಳು, ತೊಟ್ಟಿಲು, ಅಡುಗೆ ಮನೆಗೆ ಅಡ್ಡ ಹಾಕುವ ಸಣ್ಣ ಗೇಟು, ಕ್ಯಾಮೆರಾ, ಬಟ್ಟೆ ಒಗೆಯುವ ಮಿಷನ್. ಮಿಷನ್ ಅಂತ ಒಂದಾದರೂ ಕಂಡಿತು. ಸಾಲ ಮಂಜೂರಾಯಿತು.

ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯನ್ನೂ ವಿಚಾರಿಸಿದ್ದೆ. 3 ಲಕ್ಷದವರೆಗೆ ಸಾಲ, ಅದರಲ್ಲಿ ಸಬ್ಸಿಡಿ ಇದೆ. ವರ್ಷಕ್ಕೆ ಇಷ್ಟೇ ಜನ ಅಂತ ಆಯ್ಕೆ ಇರುವುದರಿಂದ ಕಾಯಬೇಕು. ನನಗೆ ಕಾಯುವಷ್ಟು ವ್ಯವಧಾನ ಇರಲಿಲ್ಲ. ದೊಡ್ಡದಾಗಿ ಮಾಡುವವರು ಅರ್ಜಿ ಹಾಕಿ ನೋಡಿ.

ಫೀಸು ಎಷ್ಟಿಡುವುದು ಅನ್ನುವುದಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಂಡೆ. ಪಿಎಫ್‌ಗೆ ಶೇ 12, ಇಎಸ್‌ಐಗೆ ಶೇ 0.75 ಹಿಡಿದ ಮೇಲೆ ಇಲ್ಲಿನ ಟೈಲರ್‌ಗಳ ಕೈಗೆ ಬರುವುದು ಹನ್ನೆರಡು ಸಾವಿರದ ಆಚೀಚೆ. ಅದರಲ್ಲಿ ಎಷ್ಟು ಕೇಳಬಹುದು? ರಾಜಾಜಿನಗರದಲ್ಲಿ ಅವೇಕ್ ಅಂತ ಮಹಿಳಾ ಉದ್ಯಮಿಗಳ ಸಂಘ ಇದೆ, 1983ರಲ್ಲಿ ಹೆಂಗಸರೇ ಸೇರಿ ಕಟ್ಟಿದ್ದು. ಅಲ್ಲಿ ತರಬೇತಿ ಪಡೆದು ಉಪ್ಪಿನಕಾಯಿ ಮಾಡುವ ಒಬ್ಬ ಅಕ್ಕ ನಮ್ಮ ಸಂಘದಲ್ಲಿದ್ದಾರೆ. ಅವರು ನನ್ನನ್ನು ಕೂರಿಸಿಕೊಂಡು, “ಮೊದಲು ನಿನ್ನ ಸಂಬಳ ಬರಿ. ಆಮೇಲೆ ಬಾಡಿಗೆ ಬರಿ. ಕೊನೆಗೆ ಫೀಸು ಬರಿ” ಅಂದರು. ನನ್ನ ಸಂಬಳ ಅಂತ ಒಂದು ಸಾಲು ಲೆಕ್ಕದಲ್ಲಿ ಇರಬೇಕು ಅಂತ ಅಲ್ಲಿವರೆಗೆ ಯಾರೂ ನನಗೆ ಹೇಳಿರಲಿಲ್ಲ.

ಈಗಿನ ಲೆಕ್ಕ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಕೇಳುವುದು ಇದನ್ನೇ. ಮೂರು ವರ್ಷದೊಳಗಿನ 8 ಕೂಸುಗಳು, ತಲಾ 2,500. ಮೂರು ದಾಟಿದ 10 ಮಕ್ಕಳು, ತಲಾ 2,000. ಅಂಗನವಾಡಿ ಮುಗಿಸಿ ಸಂಜೆ ಮಾತ್ರ ಇರುವ 6 ಮಕ್ಕಳು, ತಲಾ 800. ಒಟ್ಟು 44,800. ಬಾಡಿಗೆ 10,000. ಜೊತೆಗಿರುವ ಇಬ್ಬರ ಸಂಬಳ 16,000. ಹಾಲು, ರಾಗಿ, ಬೆಲ್ಲ, ಗ್ಯಾಸ್ 5,500. ಕರೆಂಟು, ನೀರು, ಸೋಪು, ಫಿನಾಯಿಲ್ 1,500. ಸಾಲದ ಕಂತು 1,650. ಕಳೆದರೆ ನನಗೆ ಉಳಿಯುವುದು 10,150. ಲೈನಿನಲ್ಲಿದ್ದಿದ್ದರೆ ಇದಕ್ಕಿಂತ ಸ್ವಲ್ಪ ಜಾಸ್ತಿ ಸಿಗುತ್ತಿತ್ತು. ಸಾಲ ತೀರಿದ ಮೇಲೆ ಅಲ್ಲಿಗೆ ಅಲ್ಲಿಗೆ ಸಮವಾಗುತ್ತದೆ. ಮಧ್ಯಾಹ್ನದ ಊಟವನ್ನು ತಾಯಂದಿರೇ ಡಬ್ಬಿಯಲ್ಲಿ ಕಳಿಸುತ್ತಾರೆ, ಅದಕ್ಕೇ ಈ ಲೆಕ್ಕ ನಿಂತಿದೆ. ಊಟ ನಾವೇ ಕೊಟ್ಟರೆ ಕೈ ಕಚ್ಚುತ್ತದೆ.

“ಪುಣ್ಯದ ಕೆಲಸ ಮಾಡ್ತಿದೀಯಮ್ಮಾ” ಅಂತ ಹೇಳಿ, ಹಿಂದೆಯೇ “ಹಾಗಾದ್ರೆ ಫೀಸ್ ಯಾಕೆ ತಗೋತೀಯಾ?” ಅಂತ ಕೇಳುವವರಿದ್ದಾರೆ. ಪುಣ್ಯದ ಕೆಲಸ ಒಬ್ಬರಿಗೆ ಮನಸ್ಸಿರುವವರೆಗೆ ನಡೆಯುತ್ತದೆ. ಮನಸ್ಸು ಕೆಟ್ಟ ದಿನ, ಮನೆಯಲ್ಲಿ ತಾಪತ್ರಯ ಬಂದ ದಿನ ಬಾಗಿಲು ಹಾಕಿಬಿಡಬಹುದು. ನಮ್ಮ ಮನೆ ಬಾಗಿಲು ಹಾಕಿದರೆ ಅಷ್ಟೂ ತಾಯಂದಿರ ಆ ದಿನದ ಸಂಬಳ ಹೋಗುತ್ತದೆ, ಅಟೆಂಡೆನ್ಸ್ ಬೋನಸ್ಸೂ ಹೋಗುತ್ತದೆ. ಅದಕ್ಕೇ ಇದು ವ್ಯಾಪಾರವಾಗಿಯೇ ನಡೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಹಾಯಕ್ಕೆ ಇರುವವರಿಗೆ ತಿಂಗಳಾದ ತಕ್ಷಣ ಸಂಬಳ, ಅವರಿಗೂ ರಜೆ, ನಾನು ಇಲ್ಲದಿದ್ದರೂ ನಡೆಯುವ ಹಾಗೆ ವ್ಯವಸ್ಥೆ. ಪುಣ್ಯ ಬಂದರೆ ಬರಲಿ, ಬೇಡ ಅನ್ನುವುದಿಲ್ಲ.

ಕೆಲಸಕ್ಕೆ ಇರುವ ಒಬ್ಬರು ನಮ್ಮ ಬೀದಿಯ ಅಜ್ಜಿ. ಮೊಮ್ಮಕ್ಕಳನ್ನೆಲ್ಲ ಸಾಕಿ ದೊಡ್ಡವರನ್ನು ಮಾಡಿದವರು. ಕೂಸಿನ ಅಳು ಕೇಳಿಯೇ ಹಸಿವೋ, ನಿದ್ದೆಯೋ, ಹೊಟ್ಟೆನೋವೋ ಅಂತ ಹೇಳುತ್ತಾರೆ. ಇನ್ನೊಬ್ಬಳು ಪಿಯುಸಿ ಮುಗಿಸಿದ ಹುಡುಗಿ, ದೊಡ್ಡ ಮಕ್ಕಳಿಗೆ ಹಾಡು, ಆಟ, ಅಕ್ಷರ ಎಲ್ಲ ಅವಳದು. ನಾಲ್ಕು ಗಂಟೆಗೆ ಅಂಗನವಾಡಿಯಿಂದ ಮಕ್ಕಳನ್ನು ಕರೆದುಕೊಂಡು ಬರುವುದೂ ಅವಳೇ. ಒಂದು ಉದ್ದ ಹಗ್ಗಕ್ಕೆ ಬಣ್ಣ ಬಣ್ಣದ ಬಳೆ ಕಟ್ಟಿದ್ದಾಳೆ. ಒಂದೊಂದು ಮಗು ಒಂದೊಂದು ಬಳೆ ಹಿಡಿದುಕೊಂಡು ರಸ್ತೆ ಬದಿಯಲ್ಲಿ ಸಾಲಾಗಿ ಬರುತ್ತವೆ. ಕೆಂಪು ಬಳೆಗೆ ಮಾತ್ರ ದಿನಾ ಜಗಳ.

ಸೇರಿಸಿಕೊಳ್ಳುವಾಗ ಒಂದು ಫಾರಂ ತುಂಬಿಸುತ್ತೇವೆ. ಮಗುವಿನ ಲಸಿಕೆಯ ವಿವರ ಇರುವ ತಾಯಿ ಕಾರ್ಡಿನ ಜೆರಾಕ್ಸ್ ಅದರ ಜೊತೆ ಇರಲೇಬೇಕು. ಮಗುವನ್ನು ಕರೆದುಕೊಂಡು ಹೋಗಲು ಯಾರ್ಯಾರು ಬರಬಹುದೋ ಅವರ ಫೋಟೊ ಅಂಟಿಸಿರುತ್ತೇವೆ. ಫೋಟೊದಲ್ಲಿ ಇಲ್ಲದವರಿಗೆ ಮಗುವನ್ನು ಕೊಡುವುದಿಲ್ಲ, ಸ್ವಂತ ಚಿಕ್ಕಪ್ಪ ಅಂತ ಹೇಳಿದರೂ ಅಷ್ಟೇ. ಈ ವಿಷಯಕ್ಕೆ ಬಾಗಿಲಲ್ಲಿ ನಿಂತು ಕೂಗಾಡಿದವರಿದ್ದಾರೆ. ಆಮೇಲೆ ಅದೇ ಮಗುವಿನ ತಾಯಿ ಬಂದು ನನ್ನ ಕೈ ಹಿಡಿದುಕೊಂಡಿದ್ದಾಳೆ.

ಫಾರಂನಲ್ಲಿ ಇನ್ನೊಂದು ಕಾಲಂ ಇದೆ, ಫ್ಯಾಕ್ಟರಿಯ ಟೈಮ್ ಆಫೀಸ್ ನಂಬರ್. ಲೈನಿನ ಒಳಗೆ ಮೊಬೈಲ್ ಬಿಡದ ಫ್ಯಾಕ್ಟರಿಗಳು ಜಾಸ್ತಿ. ಮಗುವಿಗೆ ಜ್ವರ ಬಂತು ಅಂತ ತಾಯಿಗೆ ಫೋನ್ ಮಾಡಿದರೆ ಅದು ಲಾಕರಿನಲ್ಲಿ ರಿಂಗ್ ಆಗುತ್ತಿರುತ್ತದೆ. ನಾನು ಲೈನಿನಲ್ಲಿ ಇದ್ದವಳಾದ್ದರಿಂದ ಇದು ಗೊತ್ತಿತ್ತು. ಟೈಮ್ ಆಫೀಸಿಗೆ ಫೋನ್ ಮಾಡಿ, ಇಂಥ ಬ್ಯಾಚು, ಇಂಥ ಟೋಕನ್ ನಂಬರ್ ಅಂತ ಹೇಳಿದರೆ ಸೂಪರ್‌ವೈಸರ್ ಮೂಲಕ ಕರೆಸುತ್ತಾರೆ.

ಜ್ವರದ ನಿಯಮ ಮಾಡುವುದು ನಿಜಕ್ಕೂ ಕಷ್ಟವಾಯಿತು. ಹುಷಾರಿಲ್ಲದ ಮಗುವನ್ನು ಸೇರಿಸಿಕೊಂಡರೆ ಉಳಿದವಕ್ಕೂ ಹರಡುತ್ತದೆ. ಬೇಡ ಅಂದರೆ ತಾಯಿ ರಜೆ ಹಾಕಬೇಕು. ಎರಡು ದಿನ ರಜೆ ಹಾಕಿದರೆ ಆ ತಿಂಗಳ ಬಾಡಿಗೆಗೆ ಕಷ್ಟ. ತಾಯಂದಿರನ್ನೇ ಒಂದು ಭಾನುವಾರ ಕೂರಿಸಿಕೊಂಡು ಮಾತಾಡಿದೆವು. ಬರೀ ನೆಗಡಿ ಇದ್ದರೆ ಮಗು ಬರಬಹುದು, ರೂಮಿನಲ್ಲಿ ಅಜ್ಜಿ ಜೊತೆ ಬೇರೆ ಇರುತ್ತದೆ. ಥರ್ಮಾಮೀಟರ್ 100 ದಾಟಿದರೆ ಟೈಮ್ ಆಫೀಸಿಗೆ ಫೋನ್, ತಾಯಿ ಬರಬೇಕು, ಇಎಸ್‌ಐ ಆಸ್ಪತ್ರೆಗೆ ತೋರಿಸಬೇಕು. ವಾಂತಿ ಭೇದಿ, ಮೈಮೇಲೆ ಗುಳ್ಳೆ ಇದ್ದರೆ ವಾಸಿಯಾಗುವವರೆಗೆ ಬೇಡ. ಡಾಕ್ಟರ್ ಚೀಟಿ ಇಲ್ಲದೆ ನಾವು ಒಂದು ಹನಿ ಔಷಧಿಯನ್ನೂ ಕೊಡುವುದಿಲ್ಲ. ಇದನ್ನು ಅವರೇ ಒಪ್ಪಿ ಸಹಿ ಹಾಕಿದ್ದಾರೆ. ನಾನೊಬ್ಬಳೇ ಗೋಡೆಗೆ ಬರೆದು ಅಂಟಿಸಿದ್ದರೆ ಯಾರೂ ಪಾಲಿಸುತ್ತಿರಲಿಲ್ಲ.

ಲಸಿಕೆಯದ್ದೂ ಇದೇ ಕಥೆ. ನಮ್ಮ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕುವುದು ಗುರುವಾರ, ತಾಯಂದಿರು ಕೆಲಸದಲ್ಲಿರುವ ದಿನ. ಒಂಬತ್ತು ತಿಂಗಳಿಗೆ ಹಾಕುವ ದಡಾರ ರುಬೆಲ್ಲಾ ಲಸಿಕೆ ಹೇಗೋ ಆಗಿರುತ್ತದೆ. 16ರಿಂದ 24 ತಿಂಗಳೊಳಗೆ ಹಾಕಿಸಬೇಕಾದ ಎರಡನೆಯದು ತಪ್ಪಿಹೋಗಿರುತ್ತದೆ. ತಾಯಿ ಕಾರ್ಡ್ ನೋಡುತ್ತಾ ಹೋದಾಗ ನಮಗೆ ಇದು ಗೊತ್ತಾಯಿತು. ನಮ್ಮ ಏರಿಯಾದ ಆಶಾ ಕಾರ್ಯಕರ್ತೆ ಅಕ್ಕನ ಹತ್ತಿರ ಮಾತಾಡಿ, ತಾಯಿಯ ಒಪ್ಪಿಗೆ ಬರೆಸಿಕೊಂಡು, ನಾನೇ ಕರೆದುಕೊಂಡು ಹೋಗಿ ಹಾಕಿಸಿಕೊಂಡು ಬರುತ್ತೇನೆ. ಆಶಾ ಅಕ್ಕನಿಂದಲೇ ನಮಗೆ ಎಷ್ಟೋ ಹೊಸ ಮಕ್ಕಳೂ ಬಂದಿವೆ. ನಿಮ್ಮ ಏರಿಯಾದಲ್ಲಿ ಶುರು ಮಾಡುವಾಗ ಪಾಂಪ್ಲೆಟ್‌ಗೆ ದುಡ್ಡು ಹಾಕಬೇಡಿ, ಆಶಾ ಕಾರ್ಯಕರ್ತೆಯನ್ನು ಹೋಗಿ ಕಾಣಿ.

ಹತ್ತಿರದ ಘಟಕದಲ್ಲಿ ಚೆಕಿಂಗ್ ಮಾಡುವ ಒಬ್ಬಳು ಮಧ್ಯಾಹ್ನದ ಅರ್ಧ ಗಂಟೆ ಬಿಡುವಿನಲ್ಲಿ ನಡೆದುಕೊಂಡು ಬಂದು ಮಗುವಿಗೆ ಹಾಲು ಕೊಟ್ಟು ಹೋಗುತ್ತಾಳೆ. ಬಾಗಿಲ ಹಿಂದೆ ಅವಳಿಗೆ ಅಂತ ಒಂದು ಕುರ್ಚಿ ಹಾಕಿಟ್ಟಿದ್ದೇವೆ. ಒಂದು ತೋಳಿನಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಅನ್ನದ ಡಬ್ಬಿ. ಮೊದಮೊದಲು ಊಟ ಮಾಡದೇ ಓಡುತ್ತಿದ್ದಳು. ಈಗ ಅಜ್ಜಿ ಅನ್ನ ಕಲಸಿ ರೆಡಿ ಇಟ್ಟಿರುತ್ತಾರೆ. ಅವಳು ಬರುವ ಹೊತ್ತು ಕೂಸಿಗೂ ಗೊತ್ತು. ಗೇಟಿನ ಚಿಲಕ ಸದ್ದಾದರೆ ಕತ್ತು ತಿರುಗಿಸುತ್ತದೆ.

ಯಾದಗಿರಿ ಹುಡುಗಿ ಮಗನನ್ನು ಊರಿಂದ ಕರೆಸಿಕೊಂಡಳು. ಬಂದ ಹೊಸದರಲ್ಲಿ ಅವನು ಅಜ್ಜಿ ಅಜ್ಜಿ ಅಂತ ಅತ್ತು ಅತ್ತು ನಮ್ಮ ಅಜ್ಜಿಯ ಸೆರಗು ಬಿಡುತ್ತಿರಲಿಲ್ಲ. ಸಂಜೆ ತಾಯಿ ಬಂದರೆ ಅಜ್ಜಿಯ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದ. ನಾವು ಒಂದು ಕೆಲಸ ಮಾಡಿದೆವು. ಮಧ್ಯಾಹ್ನ ಅವನ ಡಬ್ಬಿ ಬಿಚ್ಚುವಾಗ ದಿನಾ “ನೋಡು, ನಿಮ್ಮವ್ವ ರೊಟ್ಟಿ ಮಾಡಿ ಕಳಿಸ್ಯಾಳ” ಅಂತ ಅವಳ ಭಾಷೆಯಲ್ಲೇ ಹೇಳಿ ತಿನ್ನಿಸುವುದು. ಸಂಜೆ ಅವಳು ಬಂದ ತಕ್ಷಣ ಎತ್ತಿಕೊಳ್ಳಬೇಡ, ಪಕ್ಕದಲ್ಲಿ ಕೂತು ಸುಮ್ನೆ ಆಟ ನೋಡು ಅಂತ ಅವಳಿಗೆ ಹೇಳಿದೆವು. ದಿನ ಹಿಡಿಯಿತು. ಈಗ ಅವನು ಅಂಗನವಾಡಿಗೆ ಹೋಗುತ್ತಾನೆ, ಕೆಂಪು ಬಳೆಗೆ ಜಗಳ ಆಡುವವರಲ್ಲಿ ಅವನೂ ಒಬ್ಬ.

ಓಟಿ ಇರುವ ದಿನಗಳ ಸಮಸ್ಯೆ ಇನ್ನೂ ಬಗೆಹರಿದಿಲ್ಲ. ಶಿಪ್‌ಮೆಂಟ್ ಹತ್ತಿರ ಬಂದಾಗ ಎಂಟರವರೆಗೂ ಮಕ್ಕಳಿರುತ್ತವೆ. ಹೆಚ್ಚಿನ ಹೊತ್ತಿಗೆ ಗಂಟೆಗೆ 20 ರೂಪಾಯಿ ಅಂತ ಇಟ್ಟಿದ್ದೇವೆ, ಅದು ಪೂರ್ತಿ ಆವತ್ತು ಉಳಿದವರಿಗೇ ಹೋಗುತ್ತದೆ. ಆದರೆ ಅಜ್ಜಿಗೆ ವಯಸ್ಸಾಗಿದೆ. ಸಂಜೆಗೆ ಅಂತಲೇ ಇನ್ನೊಬ್ಬರನ್ನು ಇಟ್ಟುಕೊಳ್ಳಬೇಕು, ಅದಕ್ಕೆ ಇನ್ನೂ ನಾಲ್ಕು ಮಕ್ಕಳಾದರೂ ಬೇಕು, ಅಷ್ಟು ಜಾಗ ಈ ಮನೆಯಲ್ಲಿ ಇಲ್ಲ. ಒಂದು ಫ್ಯಾಕ್ಟರಿಯ ಎಚ್‌ಆರ್ ಮೇಡಂ ಹತ್ತಿರ, ನಿಮ್ಮ ಕೆಲಸಗಾರರ ಫೀಸಿನಲ್ಲಿ ಅರ್ಧ ನೀವು ಕೊಡಿ ಅಂತ ಕೇಳಿದ್ದೇನೆ. ಮಗುವಿಗೆ ಜಾಗ ಸಿಕ್ಕಿದ್ದರಿಂದ ರಜೆ ಹಾಕುವುದನ್ನು ಬಿಟ್ಟವರ ಹಾಜರಾತಿಯನ್ನು ಬರೆದುಕೊಂಡು ಹೋಗಿ ಕೊಟ್ಟಿದ್ದೇನೆ. ಮಾತುಕತೆ ನಡೆಯುತ್ತಿದೆ.

ಹೆಗ್ಗನಹಳ್ಳಿಯಲ್ಲಿ ಇಬ್ಬರು ಅಕ್ಕತಂಗಿಯರು ಇಂಥದ್ದೇ ಮನೆ ಶುರು ಮಾಡಲು ಹೊರಟಿದ್ದಾರೆ. ನಮ್ಮ ಫಾರಂ, ಅಗ್ರಿಮೆಂಟ್, ಲೆಕ್ಕದ ಪುಸ್ತಕ ಎಲ್ಲದರ ಜೆರಾಕ್ಸ್ ಕೊಟ್ಟಿದ್ದೇನೆ. ಮನೆ ಇನ್ನೂ ಸಿಕ್ಕಿಲ್ಲ. ಆ ಕಡೆ ನೆಲಮಹಡಿಯಲ್ಲಿ ಗಾಳಿ ಬೆಳಕಿರುವ, ಸಂಪು ಭದ್ರವಾಗಿರುವ ಮನೆ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.